ನಾಯಕ–ನಾಯಕಿಯರ ಪ್ರವೇಶ: ಬಯಲಾಟದಿಂದ ಬೆಳ್ಳಿತೆರೆಗೆ

ಪ್ರೇಮಕಥೆಯ ಸಿನಿಮಾ ತನ್ನ ನಾಯಕ, ನಾಯಕಿಯರನ್ನು ಮೊದಲ ಸಲ ಪ್ರೇಕ್ಷಕರ ಮುಂದೆ ನಿಲ್ಲಿಸುವ ರೀತಿಗೆ ಸಿನಿಮಾಕ್ಕಿಂತ ಎಷ್ಟೋ ಹಳೆಯ ಚರಿತ್ರೆಯಿದೆ. ಕನ್ನಡದ ಮಟ್ಟಿಗೆ ಆ ರೀತಿ ಸಂಸ್ಕೃತ ನಾಟಕ, ಬಯಲಾಟ, ಕಂಪನಿ ನಾಟಕಗಳನ್ನು ಹಾದು ಗಾಂಧಿನಗರದ ‘ಎಂಟ್ರಿ’ಗೆ ಬಂದಿದೆ, ನಡುದಾರಿಯಲ್ಲಿ ಹಾಲಿವುಡ್‌ನ ಇನ್ನೊಂದು ಧಾರೆ ಬಂದು ಕೂಡಿಕೊಂಡಿದೆ. ಎರಡರ ಸ್ವಭಾವ ಬೇರೆ ಬೇರೆ. ಬಯಲಾಟದ ಪ್ರವೇಶ ಪಾತ್ರದ ಹಿರಿಮೆಯನ್ನು ಸಾರುತ್ತದೆ: ಇವನು ಯಾರು, ಯಾವ ವಂಶದವನು, ಎಂಥ ಶೂರ. ಪ್ರೇಮಕಥೆ ಕೇಳುವುದಾದರೋ ಕೊರತೆಯನ್ನು. ಏನೂ ಕಡಿಮೆಯಿಲ್ಲದವರಿಗೆ ಇನ್ನೊಬ್ಬರ ಹಂಬಲ ಹುಟ್ಟುವುದಾದರೂ ಹೇಗೆ? ಕನ್ನಡ ಪ್ರೇಮಚಿತ್ರಗಳ ಮೊದಲ ಹತ್ತು ನಿಮಿಷಗಳ ಇತಿಹಾಸ ಬಹುಮಟ್ಟಿಗೆ ಈ ಎರಡು ಬೇಡಿಕೆಗಳ ಜಗ್ಗಾಟದ ಇತಿಹಾಸ.

ಕಾಳಿದಾಸ ಈ ತೊಡಕನ್ನು ‘ಅಭಿಜ್ಞಾನ ಶಾಕುಂತಲ’ದ ಮೊದಲ ಅಂಕದಲ್ಲೇ ಬಿಡಿಸಿದ್ದ. ಸಂಸ್ಕೃತ ನಾಟಕದ ಕಟ್ಟಳೆಯಂತೆ ಮುನ್ಸೂಚನೆಯಿಲ್ಲದೆ ಯಾವ ಪಾತ್ರವೂ ರಂಗಕ್ಕೆ ಬರುವಂತಿಲ್ಲ. ಹಾಗಾಗಿ ನಟಿ ಗ್ರೀಷ್ಮದ ಹಾಡು ಹಾಡುತ್ತಾಳೆ. ಓಡುವ ಜಿಂಕೆ ದುಷ್ಯಂತನನ್ನು ಸೆಳೆದೊಯ್ದಂತೆ ಆ ಹಾಡು ತನ್ನನ್ನು ಸೆಳೆದೊಯ್ದಿತೆಂದು ಸೂತ್ರಧಾರ ಹೇಳುತ್ತಾನೆ. ಆ ಮಾತಿನ ಬೆನ್ನಿಗೇ ಬಿಲ್ಲು ಹಿಡಿದ ರಾಜ ರಥವೇರಿ ಬರುತ್ತಾನೆ. ಸಾರಥಿಯ ಕಣ್ಣಿಗೆ ಅವನು ಮೃಗವನ್ನು ಅಟ್ಟಿ ಹೋಗುವ ಶಿವನಂತೆ ಕಾಣುತ್ತಾನೆ. ಇದಕ್ಕಿಂತ ದೊಡ್ಡ ಪ್ರವೇಶ ಯಾವ ನಾಯಕನಿಗೆ ಬೇಕು? ಆದರೆ ಬಾಣ ಬಿಡುವ ಮೊದಲೇ ತಪಸ್ವಿಗಳು ಅಡ್ಡ ಬಂದು, ಇದು ಆಶ್ರಮದ ಜಿಂಕೆ, ಕೊಲ್ಲಬೇಡ ಎನ್ನುತ್ತಾರೆ. ರಾಜ ಬಾಣವನ್ನು ಹಿಂತೆಗೆದುಕೊಳ್ಳುತ್ತಾನೆ, ರಥದಿಂದ ಇಳಿಯುತ್ತಾನೆ, ತಪೋವನಕ್ಕೆ ವಿನಯದ ಉಡುಪಿನಲ್ಲಿ ಹೋಗಬೇಕೆಂದು ಒಡವೆಗಳನ್ನೂ ಬಿಲ್ಲನ್ನೂ ಸಾರಥಿಯ ಕೈಗಿತ್ತು ಬರಿಗೈಯಲ್ಲಿ ಒಳಗೆ ಕಾಲಿಡುತ್ತಾನೆ. ಪ್ರೇಮಕ್ಕೆ ಸಿಗುವವನು ರಥದ ಮೇಲಿದ್ದ ಚಕ್ರವರ್ತಿಯಲ್ಲ, ಹಿರಿಮೆಯ ಗುರುತುಗಳನ್ನೆಲ್ಲ ಕಳಚಿಟ್ಟು ನಡೆದು ಬಂದ ಈ ಮನುಷ್ಯ.

ಶಕುಂತಲೆಯ ಪರಿಚಯವೂ ಅಷ್ಟೇ ಎಚ್ಚರದಿಂದ ಕಟ್ಟಿದ್ದು. ರಾಜ ಮರದ ಮರೆಯಿಂದ ನೋಡುತ್ತಿದ್ದಾನೆ ನಿಜ. ಆದರೆ ಅವನಿಗೆ ಕಾಣುವುದು ಗೆಳತಿಯರೊಂದಿಗೆ ಗಿಡಗಳಿಗೆ ನೀರೆರೆಯುತ್ತಿರುವ ಹುಡುಗಿ. ಪ್ರಿಯಂವದೆ ನಾರುಮಡಿಯನ್ನು ಬಿಗಿಯಾಗಿ ಕಟ್ಟಿಬಿಟ್ಟಿದ್ದಾಳೆ, ಸಡಿಲಿಸು ಎಂದು ಅವಳು ಅನಸೂಯೆಯನ್ನು ಕೇಳುತ್ತಾಳೆ. ಬೈಯುವುದಾದರೆ ನಿನ್ನ ಯೌವನವನ್ನು ಬೈದುಕೋ ಎಂದು ಪ್ರಿಯಂವದೆ ಛೇಡಿಸುತ್ತಾಳೆ. ಮಾವಿನ ಮರವನ್ನು ತಬ್ಬಿದ ಮಲ್ಲಿಗೆ ಬಳ್ಳಿಗೆ ಶಕುಂತಲೆಯೇ ವನಜ್ಯೋತ್ಸ್ನೆ ಎಂದು ಹೆಸರಿಟ್ಟಿದ್ದಾಳೆ. ಕೆಲಸ, ಗೆಳೆತನ, ಗಿಡಮರಗಳ ಮೇಲಿನ ಅಕ್ಕರೆ ಇಷ್ಟೂ ನೋಡುವವನ ಮನಸ್ಸಿಗೆ ಇಳಿದ ಮೇಲೆಯೇ ದುಂಬಿ ಬಂದು ಅವಳನ್ನು ಕಾಡುತ್ತದೆ. ಕಾಪಾಡುವ ನೆಪದಲ್ಲಿ ಮುಂದೆ ಬಂದ ರಾಜ ತಾನು ಯಾರೆಂಬುದನ್ನು ಮಾತ್ರ ಮರೆಮಾಚುತ್ತಾನೆ. ಮುಂದೆ ಸಾವಿರಾರು ಚಿತ್ರಗಳಲ್ಲಿ ಕಾಣಿಸಿಕೊಂಡ ಉಪಾಯಗಳು ಈ ಒಂದೇ ಅಂಕದಲ್ಲಿವೆ: ಕದ್ದು ನೋಡುವುದು, ಗೆಳತಿಯರ ಚೇಷ್ಟೆ, ಸಣ್ಣ ಅಪಾಯ, ಸುಳ್ಳು ಗುರುತು. 19ನೇ ಶತಮಾನದಲ್ಲಿ ಚುರಮುರಿ ಶೇಷಗಿರಿರಾಯರು, ಅವರ ನಂತರ ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. ಹೊಸದಾಗಿ ಹುಟ್ಟುತ್ತಿದ್ದ ನಾಟಕ ಮಂಡಳಿಗಳಿಗೆ ಈ ಅಂಕ ಆಡಿ ಕಲಿಯುವ ಪಾಠವಾಯಿತು. ಬಹುಕಾಲದ ಮೇಲೆ, 1983ರ ‘ಕವಿರತ್ನ ಕಾಳಿದಾಸ’ದಲ್ಲಿ ರಾಜ್‌ಕುಮಾರ್ ಮತ್ತು ಜಯಪ್ರದಾ ದುಷ್ಯಂತ–ಶಕುಂತಲೆಯರಾಗಿಯೂ ಕಾಣಿಸಿಕೊಂಡರು.

ಬಯಲಾಟದ ಪ್ರವೇಶಕ್ಕೆ ಇಷ್ಟು ಅವಸರವಿರಲಿಲ್ಲ. ರಾತ್ರಿಯಿಡೀ ಆಡುವ ಆಟದಲ್ಲಿ ಪಾತ್ರ ರಂಗಕ್ಕೆ ಬರುವುದೇ ಒಂದು ಪೂರ್ಣ ಪ್ರದರ್ಶನ. ಯಕ್ಷಗಾನದ ಒಡ್ಡೋಲಗದಲ್ಲಿ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಚೆಂಡೆ ಏರುತ್ತಿರುವಂತೆ ತೆರೆಯ ಮೇಲುಗಡೆ ಕಿರೀಟದ ತುದಿ, ಕೆಳಗಡೆ ಗೆಜ್ಜೆಯ ಕಾಲು ಕಾಣುತ್ತವೆ. ವೇಷಧಾರಿ ಬೆನ್ನು ತೋರಿಸಿ ಕುಣಿಯುತ್ತಾನೆ, ತೆರೆಯನ್ನು ಕೊಂಚ ಇಳಿಸಿ ಕಣ್ಣಷ್ಟೇ ತೋರಿಸಿ ಮತ್ತೆ ಮರೆಯಾಗುತ್ತಾನೆ. ತೆಂಕುತಿಟ್ಟಿನ ಬಣ್ಣದ ವೇಷ ಬರುವಾಗ ಉರಿಯುವ ದೊಂದಿಗೆ ರಾಳದ ಪುಡಿ ಎರಚಿ ಬೆಂಕಿಯ ಜ್ವಾಲೆ ಎಬ್ಬಿಸುವುದೂ ಉಂಟು. ನೋಡುವವರ ಆಸೆ ಪೂರ್ತಿ ಕೆರಳಿದ ಮೇಲೆಯೇ ತೆರೆ ಸರಿಯುವುದು. ಆಮೇಲೆ ಭಾಗವತರೊಡನೆ ಮಾತು: ತಾವು ಯಾರು, ಬಂದ ಕಾರ್ಯವೇನು ಎಂಬ ಪ್ರಶ್ನೆಗೆ ಪಾತ್ರ ತನ್ನ ಕುಲ, ಬಲ, ಬಿರುದುಗಳನ್ನು ಹೇಳಿಕೊಳ್ಳುತ್ತದೆ. ಮೂಡಲಪಾಯದಲ್ಲಿ ಕೇಳುವ ಈ ಕೆಲಸ ಸಾರಥಿಯದು. ದೀವಟಿಗೆಯ ಬೆಳಕಿನಲ್ಲಿ, ದೂರ ಕೂತ, ಅರೆನಿದ್ದೆಯಲ್ಲಿರುವ ಜನಕ್ಕೆ ಇಂಥ ಪರಿಚಯ ಅಗತ್ಯವೂ ಆಗಿತ್ತು. ಯಾರು ಬಂದರು ಎಂಬುದು ತಪ್ಪಿಹೋದರೆ ಮುಂದಿನ ಎರಡು ತಾಸಿನ ಕಥೆಯೇ ಕೈತಪ್ಪುತ್ತದೆ.

ಸ್ತ್ರೀವೇಷಕ್ಕೂ ತನ್ನದೇ ಗತ್ತಿನ ಪ್ರವೇಶವಿತ್ತು. ಪಕ್ಕದ ಆಂಧ್ರದ ಕೂಚಿಪೂಡಿ ಭಾಮಾಕಲಾಪದಲ್ಲಿ ಸತ್ಯಭಾಮೆ ಮುಖ ತೋರುವ ಮೊದಲು ತನ್ನ ಉದ್ದನೆಯ ಜಡೆಯನ್ನು ತೆರೆಯ ಮೇಲೆ ಚೆಲ್ಲುತ್ತಾಳೆ. ಸಾಮರ್ಥ್ಯವಿದ್ದವರು ಎದುರಾಗಿ ಎಂಬ ಸವಾಲು ಅದರಲ್ಲಿದೆ. ಉತ್ತರ ಕರ್ನಾಟಕದ ‘ಶ್ರೀಕೃಷ್ಣ ಪಾರಿಜಾತ’ದ ಸತ್ಯಭಾಮೆಯೂ ಅಭಿಮಾನದ ಮೂರ್ತಿಯೇ. ಕೃಷ್ಣ ಪಾರಿಜಾತದ ಹೂವನ್ನು ರುಕ್ಮಿಣಿಗೆ ಕೊಟ್ಟನೆಂಬ ಸುದ್ದಿ ಆ ಅಭಿಮಾನದ ಮೇಲೆ ಬಿದ್ದಾಗಲೇ ಆಟ ರಂಗೇರುವುದು. ಹಿರಿಮೆಯನ್ನು ಮೊದಲು ಎತ್ತರಕ್ಕೆ ಕಟ್ಟಿ ಆಮೇಲೆ ಅದರಲ್ಲಿ ಬಿರುಕು ತೋರಿಸುವ ವಿದ್ಯೆ ಜಾನಪದ ರಂಗಕ್ಕೂ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಪಾರಿಜಾತಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕಂಪನಿ ನಾಟಕಗಳು ತೆರೆ ಹಿಡಿಯುವವರನ್ನು ಬಿಟ್ಟು ಬಣ್ಣದ ಪರದೆ, ಸೈಡ್‌ವಿಂಗುಗಳನ್ನು ತಂದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ಹತ್ತಿಸಿತು. ಆದರೂ ಆ ಕಾಲದ ನಟನಿಗೆ ಆನೆಗಿಂತ ದೊಡ್ಡ ಆಸ್ತಿ ಕಂಠ. ಹಾರ್ಮೋನಿಯಂ ಶ್ರುತಿ ಹಿಡಿಯುತ್ತದೆ, ಒಳಗಿನಿಂದ ದನಿ ಏಳುತ್ತದೆ, ಜನ ದನಿಯನ್ನೇ ಗುರುತು ಹಿಡಿದು ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ನಟ ಬೆಳಕಿಗೆ ಬರುತ್ತಾನೆ. ‘ಒನ್ಸ್ ಮೋರ್’ ಬಿದ್ದರೆ ಬಂದ ಹಾಡನ್ನೇ ಮತ್ತೆ ಹಾಡಬೇಕು, ಕಥೆ ಕಾಯುತ್ತದೆ. ಸ್ತ್ರೀಪಾತ್ರಗಳನ್ನು ಬಹುಕಾಲ ಗಂಡಸರೇ ಮಾಡುತ್ತಿದ್ದುದರಿಂದ ನಾಯಕಿಯ ಪ್ರವೇಶ ನಟನೊಬ್ಬನ ಕಲೆಗಾರಿಕೆಯ ಪರೀಕ್ಷೆಯೂ ಆಗಿತ್ತು. 1934ರ ‘ಸತಿ ಸುಲೋಚನ’ದ ಆರ್. ನಾಗೇಂದ್ರರಾವ್, ಎಂ.ವಿ. ಸುಬ್ಬಯ್ಯ ನಾಯ್ಡು ರಂಗಭೂಮಿಯಿಂದ ಬಂದವರು. 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ನಾಯಕನಾದ ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಹಾಡಿನೊಂದಿಗೆ ನಾಯಕ ಬರುವ ಪದ್ಧತಿ ಹೀಗೆ ಮನುಷ್ಯರ ಜೊತೆಗೇ ಸಿನಿಮಾಕ್ಕೆ ನಡೆದು ಬಂತು.

ಹಾಲಿವುಡ್ ಹಿಡಿದ ದಾರಿ ಬೇರೆ. ಚಿತ್ರಕ್ಕೆ ಮಾತು ಬಂದ ಮೇಲೆ ಅಲ್ಲಿನ ಪ್ರೇಮಚಿತ್ರಗಳು ನಾಯಕ, ನಾಯಕಿಯರನ್ನು ಅವರವರ ತೊಂದರೆಯ ನಡುವೆಯೇ ಪರಿಚಯಿಸಲು ಕಲಿತವು. 1934ರಲ್ಲಿ ಫ್ರಾಂಕ್ ಕಾಪ್ರಾ ನಿರ್ದೇಶಿಸಿದ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಇದರ ಮಾದರಿ. ಮಯಾಮಿಯಲ್ಲಿ ನಿಂತ ವಿಹಾರ ನೌಕೆಯೊಂದರಲ್ಲಿ ಎಲ್ಲಿ ಎಂಬ ಹೆಸರಿನ ಕೋಟ್ಯಧೀಶನ ಮಗಳು ಊಟ ಬಿಟ್ಟು ಕೂತಿದ್ದಾಳೆ. ತಂದೆಗೆ ಇಷ್ಟವಿಲ್ಲದವನನ್ನು ಅವಳು ಗುಟ್ಟಾಗಿ ಮದುವೆಯಾಗಿದ್ದಾಳೆ, ತಂದೆ ಅವಳನ್ನು ಹಿಡಿದಿಟ್ಟಿದ್ದಾನೆ. ಅವನು ತಟ್ಟೆ ಮುಂದಿಟ್ಟು ಆಸೆ ಹುಟ್ಟಿಸಲು ನೋಡುತ್ತಾನೆ. ಅವಳು ತಟ್ಟೆಯನ್ನು ಉರುಳಿಸುತ್ತಾಳೆ. ಕೆನ್ನೆಗೆ ಏಟು ಬೀಳುತ್ತದೆ. ಅವಳು ಓಡಿಹೋಗಿ ನೀರಿಗೆ ಹಾರುತ್ತಾಳೆ. ಹಠ, ಧೈರ್ಯ, ಹಣದ ನಡುವೆಯೂ ಇಲ್ಲದ ಸ್ವಾತಂತ್ರ್ಯ ಇವನ್ನೆಲ್ಲ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನಾಯಕ ಪೀಟರ್‌ನ ಪರಿಚಯ ಇನ್ನೂ ಜಾಣತನದ್ದು. ಅವನು ಪತ್ರಕರ್ತ, ಕುಡಿದಿದ್ದಾನೆ, ಟೆಲಿಫೋನ್ ಗೂಡಿನೊಳಗೆ ನಿಂತು ಸಂಪಾದಕನೊಡನೆ ಜಗಳವಾಡುತ್ತಿದ್ದಾನೆ. ಹೊರಗೆ ಗೆಳೆಯರ ಗುಂಪು ಕಿವಿಗೊಟ್ಟು ಕೇಳುತ್ತಿದೆ. ಸಂಪಾದಕ ಅವನನ್ನು ಕೆಲಸದಿಂದ ತೆಗೆದು ಫೋನ್ ಇಟ್ಟುಬಿಡುತ್ತಾನೆ. ಪೀಟರ್ ಮಾತ್ರ ಸತ್ತ ಫೋನಿಗೇ ಬೈಯುತ್ತ, ತಾನೇ ಕೆಲಸ ಬಿಟ್ಟು ಹೊರಟೆನೆಂಬಂತೆ ಗೆಳೆಯರೆದುರು ಮಾತು ಮುಂದುವರಿಸುತ್ತಾನೆ. ಗುಂಪು ಅವನನ್ನು ರಾಜನೆಂದು ಕೊಂಡಾಡಿ ಬಸ್ಸಿನವರೆಗೆ ಮೆರವಣಿಗೆ ಮಾಡುತ್ತದೆ. ನಾಯಕನಿಗೆ ಜಯಕಾರದ ಪ್ರವೇಶವೂ ಸಿಕ್ಕಿತು, ಆ ಜಯಕಾರ ಟೊಳ್ಳೆಂದು ಪ್ರೇಕ್ಷಕನಿಗೆ ಗೊತ್ತೂ ಆಯಿತು. ಬಸ್ಸಿನ ಹಿಂದಿನ ಸೀಟಿನ ಮೇಲೆ ರಾಶಿ ಹಾಕಿದ್ದ ಪತ್ರಿಕೆಗಳ ಕಟ್ಟುಗಳನ್ನು ಕಿಟಕಿಯಿಂದಾಚೆ ಎಸೆದು, ಅದಕ್ಕಾಗಿ ಡ್ರೈವರ್ ಜೊತೆ ಅವನು ವಾದ ಮಾಡಿ ತಿರುಗುವಷ್ಟರಲ್ಲಿ ಕೋಟ್ಯಧೀಶನ ಮಗಳು ಆ ಜಾಗದಲ್ಲಿ ಕೂತಾಗಿದೆ. ಸೀಟಿನ ಜಗಳದಿಂದ ಶುರುವಾದ ಈ ಕಥೆ ಭಾರತಕ್ಕೆ ಮತ್ತೆ ಮತ್ತೆ ಬಂತು: 1956ರ ‘ಚೋರಿ ಚೋರಿ’, 1991ರ ‘ದಿಲ್ ಹೈ ಕಿ ಮಾನ್ತಾ ನಹೀಂ’, ಅದರ ಜಾಡಿನಲ್ಲಿ 2007ರ ಕನ್ನಡದ ‘ಹುಡುಗಾಟ’.

ಇಬ್ಬರನ್ನೂ ತಮಾಷೆಯ ತಾಕಲಾಟದಲ್ಲಿ ಎದುರುಬದುರು ಮಾಡುವ ಕಲೆಯನ್ನು ಎರ್ನ್‌ಸ್ಟ್ ಲುಬಿಟ್ಶ್ 1938ರ ‘ಬ್ಲೂಬಿಯರ್ಡ್ಸ್ ಏಟ್ತ್ ವೈಫ್’ನಲ್ಲಿ ಇನ್ನಷ್ಟು ಮೊನಚು ಮಾಡಿದ. ಅಂಗಡಿಯಲ್ಲಿ ನಾಯಕನಿಗೆ ಪೈಜಾಮ ಜೊತೆಯ ಮೇಲಂಗಿ ಮಾತ್ರ ಬೇಕು. ಅಂಗಡಿಯವರು ಬಿಡಿಯಾಗಿ ಕೊಡಲೊಲ್ಲರು. ಅಷ್ಟರಲ್ಲಿ ಕೆಳಗಿನ ಭಾಗವಷ್ಟೇ ಸಾಕೆನ್ನುವ ನಾಯಕಿ ಬರುತ್ತಾಳೆ. ಚಿತ್ರಕಥೆ ಬರೆದವರಲ್ಲಿ ಬಿಲ್ಲಿ ವೈಲ್ಡರ್ ಒಬ್ಬ. 1953ರ ‘ರೋಮನ್ ಹಾಲಿಡೇ’ ಕೊರತೆಯನ್ನು ಇದಕ್ಕಿಂತ ಮೆಲುದನಿಯಲ್ಲಿ ತೋರಿಸಿತು. ರಾಜಕುಮಾರಿ ಆನ್ ಅತಿಥಿಗಳ ಸಾಲನ್ನು ನಗುಮುಖದಿಂದ ಎದುರುಗೊಳ್ಳುತ್ತಿದ್ದಾಳೆ. ಉದ್ದ ಲಂಗದೊಳಗೆ ಅವಳ ದಣಿದ ಕಾಲು ಮೆಟ್ಟಿನಿಂದ ಹೊರಬಂದಿದೆ. ಮೆಟ್ಟು ಉರುಳಿಬಿದ್ದು ಕಾಲಿಗೆ ಸಿಗದೆ ಒದ್ದಾಡಿಸುತ್ತದೆ. ಮೇಲೆ ಕಿರೀಟ, ಕೆಳಗೆ ಬರಿಗಾಲು. ಒಡ್ಡೋಲಗದ ತೆರೆ ತೋರುವುದೂ ಕಿರೀಟ ಮತ್ತು ಕಾಲುಗಳನ್ನೇ. ಅಲ್ಲಿ ಎರಡೂ ಒಂದೇ ವೈಭವವನ್ನು ಹೇಳುತ್ತವೆ, ಇಲ್ಲಿ ಒಂದನ್ನೊಂದು ಸುಳ್ಳು ಮಾಡುತ್ತವೆ.

ಕನ್ನಡದಲ್ಲಿ ಈ ಎರಡನೆಯ ಬಗೆಗೆ ದಾರಿ ತೆರೆದದ್ದು ಮುಖ್ಯವಾಗಿ ಕಾದಂಬರಿ. 1960ರ ದಶಕದ ಕೊನೆಯಿಂದ ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿಯವರ ಕಥೆಗಳು ತೆರೆಗೆ ಬಂದಾಗ ನಾಯಕಿ ಕಥೆಯ ನಡುಮನೆಗೆ ಬಂದಳು. ಪುಟ್ಟಣ್ಣ ಕಣಗಾಲ್ ಅವರ ‘ಬೆಳ್ಳಿಮೋಡ’ (1967) ತ್ರಿವೇಣಿಯವರ ಕಾದಂಬರಿ ಆಧರಿಸಿದ್ದು. ಕಲ್ಪನಾ ಅಭಿನಯಿಸಿದ ಇಂದಿರೆ ಮಲೆನಾಡಿನ ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು. ಇದು ಅವಳ ಮೊದಲ ಪರಿಚಯ, ಅವಳ ಬದುಕಿನ ತಿರುವು ನಿಂತಿರುವುದೂ ಇದರ ಮೇಲೆಯೇ. ಮನೆಗೆ ಗಂಡುಮಗು ಹುಟ್ಟಿ ಅವಳು ವಾರಸುದಾರಳಾಗಿ ಉಳಿಯದಾದಾಗ, ಅವಳ ತಂದೆಯ ಹಣದಲ್ಲಿ ಅಮೆರಿಕಕ್ಕೆ ಓದಲು ಹೋದ ಮೋಹನ ಮದುವೆಯಿಂದ ಹಿಂದೆ ಸರಿಯುತ್ತಾನೆ. ಮೊದಲ ದೃಶ್ಯಗಳಲ್ಲಿ ಸುಮ್ಮನೆ ಹೇಳಿದಂತಿದ್ದ ವಿವರ ಇಡೀ ಪ್ರೇಮದ ಬಲಾಬಲವನ್ನು ಅಳೆಯುವ ತಕ್ಕಡಿಯಾಗುತ್ತದೆ. ಪಾತ್ರಪರಿಚಯ ಎಂದರೆ ಮುಂದಿನ ಪೆಟ್ಟು ಎಲ್ಲಿ ಬೀಳಲಿದೆ ಎಂಬುದನ್ನು ಮೊದಲೇ ಗುರುತು ಮಾಡಿಡುವುದು ಎಂಬ ಅರಿವು ಇಲ್ಲಿದೆ.

ಅದೇ ಪುಟ್ಟಣ್ಣ 1972ರ ‘ನಾಗರಹಾವು’ ಚಿತ್ರದಲ್ಲಿ ಗಂಡು ಪಾತ್ರಕ್ಕೂ ಇದನ್ನೇ ಮಾಡಿದರು. ತರಾಸು ಕಾದಂಬರಿಗಳಿಂದ ಹುಟ್ಟಿದ ರಾಮಾಚಾರಿ, ಚಿತ್ರದುರ್ಗದ ಕೋಟೆಯ ಹಿನ್ನೆಲೆ, ಹೊಸ ನಾಯಕ ವಿಷ್ಣುವರ್ಧನ್. ಭರ್ಜರಿ ಪ್ರವೇಶಕ್ಕೆ ಬೇಕಾದದ್ದೆಲ್ಲ ಕೈಯಲ್ಲಿತ್ತು. ಆದರೆ ಚಿತ್ರ ಅವನನ್ನು ಪರಿಚಯಿಸುವುದು ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನಾಗಿ. ತರಗತಿಯೆದುರು ಆದ ಅವಮಾನ ಅವನಿಗೆ ನುಂಗಲಾಗದ ತುತ್ತು. ರಾತ್ರಿ ಪ್ರಾಂಶುಪಾಲರ ಮನೆಗೆ ಕಲ್ಲು ತೂರಿ, ಅವರನ್ನು ಅರೆಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿ ಸೇಡು ತೀರಿಸಿಕೊಳ್ಳುತ್ತಾನೆ. ಈ ಹುಡುಗ ಪ್ರೀತಿಸಿದರೆ ಹೇಗೆ ಪ್ರೀತಿಸಿಯಾನು, ಪ್ರೀತಿ ಕೈತಪ್ಪಿದರೆ ಏನಾದಾನು ಎಂಬುದು ಅವನು ಪ್ರೀತಿಸುವ ಅಲಮೇಲು ಬರುವ ಮೊದಲೇ ಪ್ರೇಕ್ಷಕನಿಗೆ ಗೊತ್ತಾಗಿಬಿಡುತ್ತದೆ. ಕನ್ನಡ ಚಿತ್ರಗಳಲ್ಲಿ ನಾಯಕನ ಪರಿಚಯ ಇಷ್ಟು ನಿರ್ಭಯವಾಗಿ ಆದದ್ದು ಅಪರೂಪ.

ಈ ದಾರಿ ಹೆದ್ದಾರಿಯಾಗಲಿಲ್ಲ. ತಾರೆಯ ವರ್ಚಸ್ಸು ಬೆಳೆದಂತೆ ಪಾತ್ರದ ಪ್ರವೇಶ ನಟನ ಪ್ರವೇಶವಾಯಿತು. ಮೊದಲು ಬೂಟು, ಆಮೇಲೆ ಕೈ, ಬೆನ್ನು, ಗಾಳಿಗೆ ಹಾರುವ ಕೂದಲು, ಕೊನೆಗೆ ಕೆಳಗಿನಿಂದ ಹಿಡಿದ ಮುಖ. ತೆರೆ ಕುಣಿತದ ತರ್ಕವನ್ನೇ ಕ್ಯಾಮೆರಾ ಮತ್ತೆ ಆಡಿ ತೋರಿಸಿತು. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳಲ್ಲಿ ಆ ಕ್ಷಣಕ್ಕೆ ಶಿಳ್ಳೆ, ಕಾಗದದ ಚೂರು, ತೂರಿದ ಚಿಲ್ಲರೆ ಕಾಸು ಇವೆಲ್ಲ ಸಲ್ಲುತ್ತಿದ್ದವು. ಹೊರಗೆ ಕಟೌಟಿಗೆ ಹಾಲಿನ ಅಭಿಷೇಕ. ಮೊದಲ ಹಾಡು ‘ಇಂಟ್ರೊಡಕ್ಷನ್ ಸಾಂಗ್’ ಎಂದೇ ಹೆಸರಾಯಿತು. ಹಬ್ಬದ ಸಂಭ್ರಮವಾಗಿ ಇದಕ್ಕೆ ತನ್ನದೇ ಸೊಗಸಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ತೊಂದರೆಯಾದದ್ದು ಪ್ರೇಮಕಥೆಗೆ. ಐದು ನಿಮಿಷ ದೇವರಂತೆ ಪೂಜೆಗೊಂಡ ನಾಯಕ ಆರನೆಯ ನಿಮಿಷದಲ್ಲಿ ಒಬ್ಬ ಹುಡುಗಿಯ ಮುಂದೆ ತಡವರಿಸಬೇಕೆಂದರೆ ಬರೆಯುವವರಿಗೆ ದಾರಿಯೇ ತೋಚದು.

ಸುಲಭದ ಉಪಾಯವೊಂದು ಸಿಕ್ಕಿತು: ಬಿರುಕನ್ನು ನಾಯಕಿಯ ಪಾಲಿಗೆ ವರ್ಗಾಯಿಸುವುದು. ಸೊಕ್ಕಿನ, ಸಿರಿವಂತ ಹುಡುಗಿಯಾಗಿ ಅವಳನ್ನು ತೋರಿಸಿ, ಅವಳಿಗೆ ‘ಪಾಠ ಕಲಿಸುವ’ ಕೆಲಸವನ್ನು ನಾಯಕನಿಗೆ ಒಪ್ಪಿಸಲಾಯಿತು. ಮಾಲಾಶ್ರೀಯವರನ್ನು ಮನೆಮಾತಾಗಿಸಿದ 1989ರ ‘ನಂಜುಂಡಿ ಕಲ್ಯಾಣ’ ಗಯ್ಯಾಳಿಯನ್ನು ಪಳಗಿಸುವ ಷೇಕ್ಸ್‌ಪಿಯರ್ ಕಾಲದ ಕಥೆಯ ಜಾಡಿನದೇ. ಮಾಲಾಶ್ರೀಯವರ ಅಬ್ಬರ ಎಷ್ಟು ಜೀವಂತವಾಗಿತ್ತೆಂದರೆ, ಪಳಗುವ ಮೊದಲಿನ ಹುಡುಗಿಯೇ ಜನರ ನೆನಪಿನಲ್ಲಿ ಉಳಿದಳು. ಎಲ್ಲ ಚಿತ್ರಗಳೂ ಇಷ್ಟು ಅದೃಷ್ಟವಂತವಲ್ಲ. ದಾರಿಯಲ್ಲಿ ಹೋಗುವ ಹುಡುಗಿಯನ್ನು ಗೆಳೆಯರ ಗುಂಪು ಕಟ್ಟಿಕೊಂಡು ಚುಡಾಯಿಸುವ ಹಾಡೇ ಎಷ್ಟೋ ಚಿತ್ರಗಳಲ್ಲಿ ಪರಿಚಯದ ದೃಶ್ಯವಾಯಿತು. ಕಾಳಿದಾಸನಿಂದ ಮರದ ಮರೆಯ ನೋಟವನ್ನಷ್ಟೇ ಉಳಿಸಿಕೊಂಡು, ಗಿಡಕ್ಕೆ ನೀರೆರೆಯುವ ಕೆಲಸವನ್ನೂ ಗೆಳತಿಯರ ಮಾತನ್ನೂ ಕೈಬಿಟ್ಟದ್ದು ಕನ್ನಡಕ್ಕಷ್ಟೇ ಅಲ್ಲ, ಭಾರತದ ಬಹುತೇಕ ಜನಪ್ರಿಯ ಪ್ರೇಮಚಿತ್ರಗಳಿಗೆ ಅಂಟಿದ ದೋಷ. ನಾಯಕಿ ಏನು ಮಾಡುತ್ತಾಳೆ, ಯಾರೊಡನೆ ನಗುತ್ತಾಳೆ ಎಂಬುದು ತಿಳಿಯದ ಮೇಲೆ ಉಳಿಯುವುದು ಹಾರುವ ದುಪಟ್ಟಾ ಮಾತ್ರ. ನಡುವೆ 1987ರ ‘ಪ್ರೇಮಲೋಕ’ ಮಾತನ್ನೇ ಹಾಡಾಗಿಸಿ ಹೊಸ ಹುರುಪು ತಂದಿತು. ರವಿಚಂದ್ರನ್, ಜೂಹಿ ಚಾವ್ಲಾ, ಹಂಸಲೇಖ ಸೇರಿ ಕಾಲೇಜಿನ ಆವರಣವನ್ನು ಮುಂದಿನ ಎರಡು ದಶಕಗಳ ಪ್ರೇಮಚಿತ್ರಗಳಿಗೆ ಆರಂಭದ ಅಂಗಳವಾಗಿಸಿದರು.

2006ರ ಡಿಸೆಂಬರ್ 29ರಂದು ತೆರೆಕಂಡ ‘ಮುಂಗಾರು ಮಳೆ’ ಪ್ರವೇಶದ ರೂಢಿಯನ್ನು ನೇರವಾಗಿ ಮುರಿಯಿತು. ಯೋಗರಾಜ್ ಭಟ್ ಅವರ ನಾಯಕ ಪ್ರೀತಂ ಕೆಲಸವಿಲ್ಲದ ಸಿರಿವಂತರ ಹುಡುಗ. ಚಿತ್ರದ ಆರಂಭದಲ್ಲೇ, ಗಾಳಿಮಳೆಯ ನಡುವೆ, ಬೆಂಗಳೂರಿನ ಮಾಲ್ ಒಂದರ ಬಳಿ ನಂದಿನಿಯನ್ನು ನೋಡುತ್ತ ನಡೆದವನು ತೆರೆದ ಮ್ಯಾನ್‌ಹೋಲ್‌ಗೆ ಬೀಳುತ್ತಾನೆ. ನಾಯಕ ನಾಯಕಿಯನ್ನು ಕಾಪಾಡುವ ಹಳೆಯ ಪಾಠ ಇಲ್ಲಿ ಮಗುಚಿದೆ: ಅವನನ್ನು ಮೇಲೆತ್ತುವವಳು ಅವಳು. ಆ ಗಡಿಬಿಡಿಯಲ್ಲಿ ಅವಳು ಆಗಷ್ಟೇ ಕೊಂಡ ಹೃದಯದಾಕಾರದ ವಾಚು ಕಳೆದುಹೋಗುತ್ತದೆ. ಬಿದ್ದವನು ಎದ್ದ, ಆದರೆ ಅವಳ ವಸ್ತುವೊಂದು ಅವನಿಂದಾಗಿ ಹೋಯಿತು. ಮಡಿಕೇರಿಗೆ ಅಮ್ಮನ ಜೊತೆ ಮದುವೆಗೆ ಹೋದಾಗ ಮದುಮಗಳು ಅವಳೇ ಎಂದು ತಿಳಿಯುತ್ತದೆ. ಪ್ರೀತಂ ಕೊನೆಗೆ ಅವಳನ್ನು ಪಡೆಯುವುದಿಲ್ಲ. ಆ ಅಂತ್ಯವನ್ನು ಜನ ಒಪ್ಪಿದರೆಂದರೆ, ಮೊದಲ ದೃಶ್ಯದಲ್ಲೇ ಅವನು ಗೆಲ್ಲಲು ಬಂದವನಲ್ಲವೆಂದು ಅವರಿಗೆ ತಿಳಿದಿತ್ತು. ಪ್ರೀತಂ ಆಗಿ ನಟಿಸಿದ ಗಣೇಶ್ ಆವರೆಗೆ ಹೆಚ್ಚಾಗಿ ಟಿ.ವಿ.ಯ ‘ಕಾಮಿಡಿ ಟೈಮ್’ ನಿರೂಪಕರಾಗಿ ಪರಿಚಿತರು. ಬಿಲ್ಡಪ್ಪಿನ ಭಾರವಿಲ್ಲದ ಮುಖ, ವಟವಟ ಮಾತು ಈ ಬೀಳುವಿಕೆಗೆ ಒಗ್ಗಿದವು. ಚಿತ್ರ ಒಂದು ವರ್ಷಕ್ಕೂ ಮೀರಿ ಓಡಿತು. ಅದರ ಬೆನ್ನಿಗೆ ಬಂದ ಚಿತ್ರಗಳು ಮಳೆಯನ್ನೂ ಮಾತಿನ ಧಾಟಿಯನ್ನೂ ಎರವಲು ಪಡೆದವು, ಗುಂಡಿಗೆ ಬೀಳುವ ಧೈರ್ಯ ಮಾಡಿದವು ಕಡಿಮೆ.

ಜನರಿಂದ ಹಣ ಕೂಡಿಸಿ ಪವನ್ ಕುಮಾರ್ ಮಾಡಿದ ‘ಲೂಸಿಯಾ’ (2013) ಇನ್ನೂ ಮುಂದೆ ಹೋಯಿತು. ಅಲ್ಲಿ ನಾಯಕ ಮೊದಲು ಕಾಣುವುದು ಆಸ್ಪತ್ರೆಯ ಹಾಸಿಗೆಯಲ್ಲಿ, ಪ್ರಜ್ಞೆಯಿಲ್ಲದೆ, ಯಂತ್ರಗಳ ಆಸರೆಯಲ್ಲಿ. ಅವನು ಯಾರೆಂಬುದನ್ನು ತನಿಖೆಗೆ ಬಂದವರು ಹುಡುಕಬೇಕು. ಯಾರು ನೀನು ಎಂಬ ಪ್ರಶ್ನೆಗೆ ಬಯಲಾಟದ ಪಾತ್ರ ಎದೆತಟ್ಟಿ ಉತ್ತರ ಕೊಡುತ್ತಿತ್ತು. ಇಲ್ಲಿ ಉತ್ತರ ಕೊಡಬೇಕಾದವನೇ ಮಾತನಾಡಲಾರ. ಆಮೇಲೆ ತೆರೆದುಕೊಳ್ಳುವ ಕಥೆಯಲ್ಲಿ ಅವನು ಚಿತ್ರಮಂದಿರದ ಕತ್ತಲಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುವ, ನಿದ್ದೆ ಬಾರದ ಹುಡುಗ. ಬೇರೆಯವರ ಎಂಟ್ರಿಗೆ ಶಿಳ್ಳೆ ಬೀಳುವುದನ್ನು ದಿನವೂ ನೋಡುವವನನ್ನೇ ಪ್ರೇಮಕಥೆಯ ನಾಯಕನಾಗಿಸಿದ್ದು ಆ ಚಿತ್ರದ ದೊಡ್ಡ ಯೋಚನೆ.

ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಮೊದಲ ಭಾಗ (2023) ಭೇಟಿಯ ದೃಶ್ಯವನ್ನೇ ಆಧಾರವಾಗಿ ಇಟ್ಟುಕೊಳ್ಳಲಿಲ್ಲ. ಕಥೆ ಶುರುವಾಗುವಾಗ ಮನು ಮತ್ತು ಪ್ರಿಯಾ ಆಗಲೇ ಪ್ರೀತಿಸುತ್ತಿದ್ದಾರೆ, ಮದುವೆಯ ನಿರ್ಧಾರವೂ ಆಗಿದೆ. ಅವನು ಸಾಹುಕಾರನೊಬ್ಬನ ಕಾರು ಡ್ರೈವರ್, ಅವಳು ಹಾಡುವ ಹುಡುಗಿ. 2010ರ ಬೆಂಗಳೂರಿನಲ್ಲಿ ಇಬ್ಬರೂ ತಮ್ಮ ಕೈಗೆಟುಕುವ ಮನೆ ಹುಡುಕುತ್ತಿದ್ದಾರೆ. ಯಾವ ಮನೆ ಅವರಿಗೆ ಹಿಡಿಸುತ್ತದೆ, ಯಾವುದಕ್ಕೆ ಹಣ ಸಾಲದು, ಎಲ್ಲಿ ನಿಂತು ಅವಳು ಕನಸು ಕಾಣುತ್ತಾಳೆ ಎಂಬ ವಿವರಗಳೇ ಪಾತ್ರಗಳ ಪರಿಚಯವನ್ನು ಮಾಡಿಕೊಡುತ್ತವೆ. ಆ ಮನೆಗೆ ಬೇಕಾದ ಹಣಕ್ಕಾಗಿಯೇ ಮನು ಮಾಲೀಕನ ಕಡೆಯವರು ಮಾಡಿದ ಅಪಘಾತದ ತಪ್ಪನ್ನು ತನ್ನ ಮೇಲೆ ಹೊತ್ತು ಜೈಲು ಸೇರುತ್ತಾನೆ.